ವೃಕ್ಷಚಿಕಿತ್ಸಕನ ಲಾಭನಷ್ಟ

ಮರವನ್ನು ನೆಡುವವರುಂಟು, ಕಡಿಯುವವರುಂಟು. ನಿಂತ ಮರವನ್ನು ನಿಂತಂತೆಯೇ ನೋಡಿಕೊಳ್ಳುವುದೂ ಒಂದು ಕಸುಬೆಂದರೆ ಹಲವರಿಗೆ ನಗು ಬಂದೀತು. ಕಾಡಿನ ಮರಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಡಿನಲ್ಲಿ ಮುರಿದ ಕೊಂಬೆ ನೆಲಕ್ಕೆ ಬೀಳುತ್ತದೆ. ಪಟ್ಟಣದಲ್ಲಿ ಮುರಿದದ್ದು ಮನೆಯ ಹೆಂಚಿನ ಮೇಲೆ, ವಿದ್ಯುತ್ ತಂತಿಯ ಮೇಲೆ, ಒಮ್ಮೊಮ್ಮೆ ದಾರಿಹೋಕನ ತಲೆಯ ಮೇಲೆ ಬೀಳುತ್ತದೆ. ಈ ಒಂದು ವ್ಯತ್ಯಾಸದಿಂದಲೇ ವೃಕ್ಷಚಿಕಿತ್ಸೆಯೆಂಬ ಉದ್ಯೋಗ ಹುಟ್ಟಿತು. ಅಮೆರಿಕದಲ್ಲಿ ಇದು ನೂರು ವರ್ಷಗಳಿಗೂ ಹಳೆಯ ವ್ಯಾಪಾರ. ಬೆಂಗಳೂರಿನಂಥ ನಗರಗಳಲ್ಲಿಯೂ ಹಗ್ಗ ಗರಗಸಗಳನ್ನು ಹಿಡಿದು ಮರವೇರುವವರನ್ನು ಈಗ ಕಾಣಬಹುದು.

ಈ ವ್ಯಾಪಾರಕ್ಕೊಂದು ವಿಚಿತ್ರ ಸ್ವಭಾವವಿದೆ. ಬಡಗಿ ಮಾಡಿದ ಕುರ್ಚಿ ಗಟ್ಟಿಯೋ ಅಲ್ಲವೋ ಎಂಬುದು ಅದರ ಮೇಲೆ ಕುಳಿತೊಡನೆ ತಿಳಿಯುತ್ತದೆ. ವೃಕ್ಷಚಿಕಿತ್ಸಕನ ಕೆಲಸದ ಗುಣ ತಿಳಿಯಬೇಕಾದರೆ ಐದು, ಹತ್ತು, ಕೆಲವು ವೇಳೆ ಇಪ್ಪತ್ತು ವರ್ಷ ಕಾಯಬೇಕು. ಕೂಲಿಯಾದರೋ ಅಂದೇ ಸಂಜೆ ಕೈಸೇರುತ್ತದೆ. ಆ ಸಂಜೆಗೂ ಈ ಇಪ್ಪತ್ತು ವರ್ಷಕ್ಕೂ ನಡುವೆ ಏನೇನಾಗಬಹುದೆಂಬುದೇ ನಮ್ಮ ವಿಷಯ.

ಅವನ ದಿನ ಆರಂಭವಾಗುವುದು ಅಂದಾಜಿನಿಂದ. ಮನೆಯ ಯಜಮಾನ ಒಂದು ಕೊಂಬೆಯನ್ನು ತೋರಿಸಿ, “ಇದೊಂದನ್ನು ತೆಗೆಯಲು ಎಷ್ಟು?” ಎಂದು ಕೇಳುತ್ತಾನೆ. ಬಯಲಿನ ದೊಡ್ಡ ಮರವೊಂದನ್ನು ಉರುಳಿಸುವುದಕ್ಕಿಂತ ಹೆಂಚಿನ ಮಾಡಿನ ಮೇಲೆ ಚಾಚಿದ ಒಂದೇ ಕೊಂಬೆಗೆ ಹೆಚ್ಚು ಹಣವನ್ನು ಹೇಳಿದರೆ ಆತನಿಗೆ ಅದು ಅನ್ಯಾಯವಾಗಿ ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಕೊಂಬೆಯ ವ್ಯಾಸ 30 ಸೆಂಟಿಮೀಟರ್, ಉದ್ದ 4 ಮೀಟರ್ ಇರಲಿ. ಅದರ ಘನಗಾತ್ರ 0.28 ಘನ ಮೀಟರಿನಷ್ಟಾಗುತ್ತದೆ. ಹಸಿಮರದಲ್ಲಿ ನೀರಿನ ಅಂಶ ಹೆಚ್ಚು. ಘನ ಮೀಟರಿಗೆ 900 ಕಿಲೋಗ್ರಾಂ ಎಂದಿಟ್ಟುಕೊಂಡರೂ ಕೊಂಬೆಯ ತೂಕ ಸುಮಾರು 250 ಕಿಲೋಗ್ರಾಂ. ಇದನ್ನು ಹೆಂಚು ಒಡೆಯದಂತೆ ಹಗ್ಗದಿಂದ ಇಳಿಸಬೇಕು. ಕೊಯ್ದ ತುಂಡು 2 ಮೀಟರ್ ಕೆಳಕ್ಕೆ ಬಿದ್ದ ಮೇಲೆ ಹಗ್ಗ ಬಿಗಿದು, ಅರ್ಧ ಮೀಟರ್ ಹಿಗ್ಗಿ ಅದನ್ನು ನಿಲ್ಲಿಸಿತೆನ್ನಿ. ಆ ಅರ್ಧ ಮೀಟರಿನಲ್ಲಿ ಹಗ್ಗದ ಮೇಲೆ ಬೀಳುವ ಸರಾಸರಿ ಎಳೆತ ಕೊಂಬೆಯ ತೂಕದ ಐದು ಪಟ್ಟು. ಹಗ್ಗ ರಾಟೆಯ ಎರಡೂ ಕಡೆ ಇಳಿಬಿದ್ದಿರುವುದರಿಂದ ರಾಟೆಯನ್ನು ಕಟ್ಟಿದ ಜಾಗಕ್ಕೆ ಇದರ ಸುಮಾರು ಎರಡರಷ್ಟು ಭಾರ. ಕೊಯ್ದವನು ತನ್ನ ಸೊಂಟದ ಹಗ್ಗವನ್ನು ಕಟ್ಟಿಕೊಂಡಿರುವುದೂ ಸಾಮಾನ್ಯವಾಗಿ ಅದೇ ಮರಕ್ಕೆ! ಆದುದರಿಂದ ಬಲ್ಲವನು ಕೊಂಬೆಯನ್ನು ಬೀಳಗೊಡುವುದೇ ಇಲ್ಲ. ಸಣ್ಣ ಸಣ್ಣ ತುಂಡು ಮಾಡಿ, ಹಗ್ಗವನ್ನು ಮೊದಲೇ ಬಿಗಿಹಿಡಿದು, ಮೆಲ್ಲಗೆ ಇಳಿಸುತ್ತಾನೆ. ಹೊತ್ತು ಹೆಚ್ಚು ಹಿಡಿಯುತ್ತದೆ. ಯಜಮಾನ ಹಣ ತೆರುವುದು ಈ ಹೊತ್ತಿಗೆ.

ಅಂದಾಜನ್ನು ಬುಡಮೇಲು ಮಾಡುವ ಸಂಗತಿಗಳು ಮರದಲ್ಲಿಯೇ ಬೇಕಾದಷ್ಟಿವೆ. ಎಂದೋ ಯಾರೋ ಫಲಕ ತೂಗುಹಾಕಲು ಹೊಡೆದ ಮೊಳೆಯನ್ನು ಮರ ವರ್ಷವರ್ಷಕ್ಕೆ ಹೊಸ ಕಾಷ್ಠದಿಂದ ಮುಚ್ಚಿಕೊಂಡಿರುತ್ತದೆ. ಹೊರಗೆ ಅದರ ಸುಳಿವಿಲ್ಲ. ಮೋಟಾರು ಗರಗಸದ ಸರಪಳಿ ಅದಕ್ಕೆ ತಗುಲಿದರೆ ಹಲ್ಲುಗಳೆಲ್ಲ ಮೊಂಡು. ನಮ್ಮ ಕಡೆ ಎತ್ತರದ ಕೊಂಬೆಗೆ ಹೆಜ್ಜೇನು ಕಟ್ಟಿದ್ದರಂತೂ ಅಂದಿನ ಕೆಲಸ ಅಲ್ಲಿಗೆ ನಿಂತಿತು. ವಿದ್ಯುತ್ ತಂತಿಯ ಮಾತೇ ಬೇರೆ: ಹಸಿಮರದ ಮೂಲಕ ವಿದ್ಯುತ್ತು ಹರಿಯಬಲ್ಲದು, ಆದ್ದರಿಂದ ತಂತಿಯನ್ನು ಮುಟ್ಟುವುದೇ ಬೇಕಿಲ್ಲ, ತಂತಿಗೆ ತಗುಲಿದ ಕೊಂಬೆಯನ್ನು ಮುಟ್ಟಿದರೂ ಪ್ರಾಣ ಹೋದೀತು. ತಂತಿಯ ವಿದ್ಯುತ್ತನ್ನು ನಿಲ್ಲಿಸುವವರೆಗೂ ಕೆಲಸಗಾರರು ಕೆಳಗೆ ಕುಳಿತಿರಬೇಕು. ಕುಳಿತ ದಿನಕ್ಕೂ ಅವರ ಕೂಲಿ ತಪ್ಪುವುದಿಲ್ಲ.

ಬಿರುಗಾಳಿ ಈ ಉದ್ಯೋಗದ ಸುಗ್ಗಿ. ಗಾಳಿ ಮರದ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ಒತ್ತಡ ಸ್ಥೂಲವಾಗಿ ನಾಲ್ಕು ಪಟ್ಟಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆಗೆ ಗುಲ್‌ಮೊಹರ್, ಮಳೆಮರಗಳು ಉರುಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಂದು ಎಲ್ಲರಿಗೂ ಏಕಕಾಲದಲ್ಲಿ ಮರದವನು ಬೇಕು. ಆದರೆ ಬಿದ್ದ ಮರ ನಿಂತ ಮರಕ್ಕಿಂತ ಅಪಾಯಕರ. ಕಾಂಡದ ಕೆಳಗೆ ಸಿಕ್ಕಿಕೊಂಡ ಕೊಂಬೆ ಹೆದೆಯೇರಿಸಿದ ಬಿಲ್ಲಿನಂತೆ ಬಾಗಿರುತ್ತದೆ. ಅದರ ಹೊರಬಾಗಿನ ನಾರುಗಳು ಎಳೆತಕ್ಕೆ ಸಿಕ್ಕಿವೆ, ಒಳಬಾಗಿನವು ಅದುಮಿಕೊಂಡಿವೆ. ಅದುಮಿದ ಕಡೆ ಆಳವಾಗಿ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಎಳೆದ ಕಡೆ ಒಮ್ಮೆಲೇ ಕೊಯ್ದರೆ ಕೊಂಬೆ ಸೀಳಿ ಚಿಮ್ಮುತ್ತದೆ, ಎದುರಿಗೆ ನಿಂತವನ ಗತಿ ಮುಗಿದಂತೆ. ಮೊದಲು ಅದುಮಿದ ಕಡೆ ತೆಳುವಾಗಿ, ಆಮೇಲೆ ಎಳೆದ ಕಡೆಯಿಂದ ಸ್ವಲ್ಪಸ್ವಲ್ಪವಾಗಿ ಕೊಯ್ಯುವುದು ಕ್ರಮ. ಯಾವ ಕಡೆ ಯಾವುದೆಂದು ಸೊಪ್ಪಿನ ರಾಶಿಯ ನಡುವೆ ಗುರುತಿಸುವುದರಲ್ಲೇ ಜಾಣ್ಮೆಯೆಲ್ಲ ಇದೆ.

ಹವೆಯ ಕೈಗೆ ಸಿಕ್ಕಿದ ಇಂಥದೇ ಕಸುಬು ನಮ್ಮ ಮಲೆನಾಡಿನಲ್ಲಿ ಬಹುಕಾಲದಿಂದ ಇದೆ. ಅಡಕೆಯ ಕೊಳೆರೋಗವನ್ನು ತಡೆಯಲು ಹಿಂದೆ ಮರವೇರಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗದ ಸೂಕ್ಷ್ಮಜೀವಿಯನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು; ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣದ ಸಿಂಪರಣೆ ಬಳಕೆಗೆ ಬಂದುದು ಅವರ ಕೆಲಸದಿಂದ. ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಸುಮಾರು 40-45 ದಿನಗಳ ತರುವಾಯ ಇನ್ನೊಮ್ಮೆ ಹೊಡೆಯಬೇಕು. ಎರಡನೆಯದಕ್ಕೆ ಸುರಿವ ಮಳೆಯ ನಡುವೆ ಬಿಡುವು ಸಿಕ್ಕಬೇಕು. ಬಿಡುವು ಸಿಕ್ಕ ದಿನ ಊರಿನ ಎಲ್ಲ ತೋಟಗಳಿಗೂ ಅದೇ ಬಿಡುವು, ಮರವೇರುವವರು ಮಾತ್ರ ಬೆರಳೆಣಿಕೆಯಷ್ಟು!

ಇಷ್ಟು ಹವೆಯ ಮತ್ತು ಅಪಾಯದ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದ ಕಷ್ಟವೊಂದುಂಟು. ಅದು ಗಿರಾಕಿಯ ಇಷ್ಟಕ್ಕೂ ಮರದ ಹಿತಕ್ಕೂ ಇರುವ ವಿರೋಧ. ಮಳೆಗಾಲಕ್ಕೆ ಮುನ್ನ ಹೆದರಿದ ಯಜಮಾನ, “ಮೇಲಿನದನ್ನೆಲ್ಲ ಕತ್ತರಿಸಿ ಬೋಳು ಮಾಡಿಬಿಡು” ಎನ್ನುತ್ತಾನೆ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ: ಎತ್ತರ ಕಡಿಮೆ, ಗಾಳಿ ಕಡಿಮೆ. ಆದರೆ ಎಲೆಯೇ ಮರದ ಅಡಿಗೆಮನೆ. ಕೊಂಬೆಗಳ ಸಜೀವ ಕಾಷ್ಠದಲ್ಲಿರುವ ಪಿಷ್ಟವೇ ಅದರ ಕಣಜ. ತಲೆ ಕಡಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಮರ ಉಳಿದ ಸಂಗ್ರಹವನ್ನು ವೆಚ್ಚಮಾಡಿ, ತೊಗಟೆಯಡಿ ಮಲಗಿದ್ದ ಮೊಗ್ಗುಗಳನ್ನೆಬ್ಬಿಸಿ ಚಿಗುರುಗಳ ಪೊದೆಯನ್ನೇ ಹೊರಡಿಸುತ್ತದೆ. ಸಹಜ ಕೊಂಬೆಯ ಬುಡ ವರ್ಷವರ್ಷದ ಕಾಷ್ಠದೊಡನೆ ಹೆಣೆದುಕೊಂಡು ಕಾಂಡದೊಳಕ್ಕೆ ಇಳಿದಿರುತ್ತದೆ. ಈ ಚಿಗುರುಗಳಿಗೆ ಹೊರಗಿನ ಒಂದೆರಡು ಪದರಗಳ ಆಸರೆ ಮಾತ್ರ. ಕೆಲವು ವರ್ಷಗಳಲ್ಲಿ ಅವು ಹಳೆಯ ಎತ್ತರಕ್ಕೆ ಬೆಳೆದು ನಿಂತಾಗ ಕೆಳಗಿನ ಕಡಿದ ಬಾಯಿ ಕೊಳೆಯುತ್ತಿರುತ್ತದೆ. ಅಪಾಯ ಇಳಿಯುವ ಬದಲು ಏರಿತು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ, ತಲೆ ಕಡಿದವನಿಗೆ ಎರಡು ಬಾರಿ ಹಣ: ಇಂದೊಮ್ಮೆ, ಚಿಗುರು ಮುರಿಯತೊಡಗಿದಾಗ ಇನ್ನೊಮ್ಮೆ. “ಒಣಗಿದ ನಾಲ್ಕು ಕೊಂಬೆ ತೆಗೆದರೆ ಸಾಕು” ಎಂದ ಪ್ರಾಮಾಣಿಕನಿಗೆ ಮುಂದಿನ ಮನೆಯ ಕೆಲಸವೂ ಸಿಗದೆ ಹೋಗಬಹುದು.

ಅಪವಾದವೂ ಅವನ ಪಾಲಿಗೆ ಸುಲಭವಾಗಿ ಬರುತ್ತದೆ. ಮರದ ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮಣ್ಣಿನ ಮೇಲಿನ ಅರ್ಧ ಮೀಟರಿನಷ್ಟರಲ್ಲೇ ಇದ್ದು, ನೆರಳಿನ ಎಲ್ಲೆಯನ್ನು ದಾಟಿ ಹಬ್ಬಿರುತ್ತವೆ. ಚರಂಡಿಗಾಗಿ ತೋಡಿದ ಒಂದು ಕಾಲುವೆ ಅವುಗಳಲ್ಲಿ ಬಹುಭಾಗವನ್ನು ಕತ್ತರಿಸಿಬಿಡಬಲ್ಲದು. ಮರ ತನ್ನ ಸಂಗ್ರಹದಿಂದ ಎರಡು ಮೂರು ವರ್ಷ ಹೇಗೋ ತಳ್ಳಿ ಆಮೇಲೆ ಒಣಗತೊಡಗುತ್ತದೆ. ಅಷ್ಟರಲ್ಲಿ ಚರಂಡಿಯನ್ನು ಎಲ್ಲರೂ ಮರೆತಿರುತ್ತಾರೆ. ಹಿಂದಿನ ವರ್ಷ ಕೊಂಬೆ ಸವರಿದವನು ಮಾತ್ರ ನೆನಪಿನಲ್ಲಿರುತ್ತಾನೆ.

ಗಿರಾಕಿಯೊಬ್ಬನೇ ಅಲ್ಲ, ಈ ವೃತ್ತಿಯೂ ಮರವನ್ನು ಬಹುಕಾಲ ತಪ್ಪಾಗಿ ತಿಳಿದಿತ್ತು. ಅಮೆರಿಕದಲ್ಲಿ ವೃಕ್ಷಚಿಕಿತ್ಸೆಯ ಪಿತಾಮಹನೆನಿಸಿದ ಜಾನ್ ಡೇವಿ 1846ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಒಹಾಯೊ ಸಂಸ್ಥಾನದ ಕೆಂಟ್ ಪಟ್ಟಣದಲ್ಲಿ ಸ್ಮಶಾನದ ತೋಟವನ್ನು ನೋಡಿಕೊಳ್ಳುತ್ತ ಮರಗಳ ಆರೈಕೆಯನ್ನು ಅಭ್ಯಾಸಮಾಡಿ, 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕವನ್ನು ಪ್ರಕಟಿಸಿದ. 1909ರಲ್ಲಿ ನೋಂದಣಿಯಾದ ಅವನ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಮರಕ್ಕೂ ವೈದ್ಯರು ಬೇಕೆಂಬ ಭಾವನೆಯನ್ನು ಜನರಲ್ಲಿ ಬೇರೂರಿಸಿದವನು ಅವನೇ. ಆ ಕಾಲದ ಚಿಕಿತ್ಸೆ ದಂತವೈದ್ಯವನ್ನು ಹೋಲುತ್ತಿತ್ತು. ಪೊಟರೆಯೊಳಗಿನ ಕೊಳೆತ ಭಾಗವನ್ನು ಗಟ್ಟಿ ಕಾಷ್ಠ ಸಿಗುವವರೆಗೂ ಕೆರೆದು, ಸಿಮೆಂಟು ಗಾರೆಯನ್ನು ತುಂಬಿ, ಮೇಲೆ ಮುಲಾಮು ಬಳಿಯುವುದು. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಹೆರೆದು ತೆಗೆಯುವುದು ಒಳ್ಳೆಯ ಕೆಲಸದ ಗುರುತಾಗಿತ್ತು. ನೋಡಲು ಅಚ್ಚುಕಟ್ಟು, ಸಂಪಾದನೆಯೂ ಚೆನ್ನು.

ಇದನ್ನು ಅಲುಗಿಸಿದವರು ಅಮೆರಿಕದ ಅರಣ್ಯ ಇಲಾಖೆಯ ಸಸ್ಯರೋಗಶಾಸ್ತ್ರಜ್ಞ ಅಲೆಕ್ಸ್ ಶೈಗೊ (1930-2006). ಮರವನ್ನು ಅಡ್ಡಲಾಗಿ ಕೊಯ್ದು ನೋಡುವುದು ವಾಡಿಕೆ. ಶೈಗೊ ಮೋಟಾರು ಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಒಂದೊಂದು ಗಾಯದಿಂದಲೂ ಕೊಳೆತ ಎತ್ತ ಹರಡಿದೆ, ಎಲ್ಲಿ ನಿಂತಿದೆ ಎಂಬುದನ್ನು ಹಿಡಿದು ನೋಡಿದರು. ಕಂಡದ್ದು ಇಷ್ಟು: ಮರದ ಗಾಯ ಮಾಯುವುದೇ ಇಲ್ಲ. ನಮ್ಮ ಚರ್ಮ ಹರಿದರೆ ಅದೇ ಜಾಗದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ. ಮರಕ್ಕೆ ಆ ಶಕ್ತಿಯಿಲ್ಲ. ಕೆಟ್ಟ ಭಾಗವನ್ನು ಅದು ಕೋಣೆಯಲ್ಲಿ ಕೂಡಿಹಾಕಿದಂತೆ ಗೋಡೆಗಳಿಂದ ಸುತ್ತುವರಿದು, ತಾನು ಹೊರಕ್ಕೆ ಬೆಳೆಯುತ್ತದೆ. ನೀರ್ಗೊಳವೆಗಳು ಕಟ್ಟಿಕೊಂಡು ಮೇಲೆ ಕೆಳಗೆ ಹರಡುವುದನ್ನು ತಡೆಯುವುದು ಮೊದಲನೆಯ ಗೋಡೆ, ಇದು ದುರ್ಬಲ. ವರ್ಷದ ಉಂಗುರಗಳು ಒಳಮುಖವಾದ ಹರಡುವಿಕೆಗೆ ಅಡ್ಡವಾಗುತ್ತವೆ. ಕಾಷ್ಠದ ಕಿರಣಗಳು ಪಕ್ಕದ ಹರಡುವಿಕೆಗೆ. ಗಾಯವಾದ ಬಳಿಕ ಬೆಳೆಯುವ ಹೊಸ ಪದರ ನಾಲ್ಕನೆಯದು. ಎಲ್ಲಕ್ಕಿಂತ ಬಲವಾದದ್ದು ಇದೇ. 1977ರಲ್ಲಿ ಪ್ರಕಟವಾದ ಈ ಸಿದ್ಧಾಂತದ ಬೆಳಕಿನಲ್ಲಿ ಹಳೆಯ ಚಿಕಿತ್ಸೆಯನ್ನು ಈಗ ನೋಡಿ. ಗಟ್ಟಿ ಕಾಷ್ಠದವರೆಗೂ ಕೆರೆಯುವುದೆಂದರೆ ಮರ ಶ್ರಮಪಟ್ಟು ಕಟ್ಟಿದ ಗೋಡೆಯನ್ನು ಒಡೆದು ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ! ಮುಲಾಮು ಕೊಳೆತವನ್ನು ತಡೆಯಲಿಲ್ಲ. ಅಮೆರಿಕದ ಓಕ್ ಬಾಡುರೋಗದಂಥ, ಕೀಟಗಳು ಹಸಿಗಾಯಕ್ಕೆ ಸೋಂಕು ತರುವ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ಈಗಲೂ ಉಪಯೋಗವುಂಟು.

ಸಿಮೆಂಟು ಮರಕ್ಕೆ ಬಲ ಕೊಡುತ್ತಿತ್ತಲ್ಲವೇ ಎಂದು ನೀವು ಕೇಳಬಹುದು. ಬಾಗುವಿಕೆಯನ್ನು ತಡೆಯುವ ಶಕ್ತಿ ಮುಖ್ಯವಾಗಿ ಹೊರವಲಯದಲ್ಲಿದೆ. ಅದು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಟೊಳ್ಳಿನ ವ್ಯಾಸ ಕಾಂಡದ ವ್ಯಾಸದ 0.7ರಷ್ಟಿದ್ದರೆ ಕಳೆದುಹೋದದ್ದು 0.7ರ ನಾಲ್ಕನೆಯ ಘಾತ, ಎಂದರೆ 0.24. ತಿರುಳಿನ ಅರ್ಧದಷ್ಟು ಹೋದರೂ ಬಿಗಿತದಲ್ಲಿ ನೂರಕ್ಕೆ 76 ಪಾಲು ಉಳಿಯಿತು! ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವ ಗುಟ್ಟು ಇದೇ. ಪೊಟರೆಯ ಬಾಯಿ ಒಂದು ಕಡೆ ತೆರೆದಿದ್ದರೆ ಈ ಲೆಕ್ಕ ಹಾಗೆಯೇ ಅನ್ವಯಿಸದೆಂಬುದನ್ನೂ ನೆನಪಿಡಬೇಕು. ಸಿಮೆಂಟಾದರೋ ಗಾಳಿಗೆ ತೂಗುವ ಮರದೊಡನೆ ತೂಗಲಾರದೆ ಒಳಗೋಡೆಯನ್ನು ಉಜ್ಜುತ್ತಿತ್ತು.

ಹೀಗೆ ಬೆಲೆಪಟ್ಟಿಯ ಆದಾಯದ ಬಾಬುಗಳು ಒಂದೊಂದಾಗಿ ಅಳಿಸಿಹೋದವು. ಅವುಗಳ ಜಾಗಕ್ಕೆ ಬಂದದ್ದು ಪರೀಕ್ಷೆ ಮತ್ತು ಸಲಹೆ: ಮರದ ಕೊಡತಿಯಿಂದ ಕಾಂಡವನ್ನು ಬಡಿದು ಸದ್ದು ಕೇಳುವುದು, ಶಬ್ದತರಂಗಗಳ ವೇಗದಿಂದ ಟೊಳ್ಳನ್ನು ಅಳೆಯುವುದು, ತೆಳುವಾದ ಸೂಜಿಯನ್ನು ಕೊರೆದು ಕಾಷ್ಠದ ಗಟ್ಟಿತನವನ್ನು ನೋಡುವುದು. ಈ ಸೂಜಿಯೂ ಮರದ ಗೋಡೆಗಳನ್ನು ಚುಚ್ಚಿಯೇ ಹೋಗಬೇಕೆಂಬುದು ಬೇರೆ ಮಾತು. ಇಷ್ಟೆಲ್ಲ ಮಾಡಿ ಕೊನೆಗೆ “ಈ ಮರಕ್ಕೆ ಏನೂ ಮಾಡಬೇಕಾಗಿಲ್ಲ” ಎಂದು ಹೇಳಿ ಹಣ ಕೇಳುವುದು ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಿಕೊಳ್ಳಿ.

ಗರಗಸವನ್ನು ಹಾಕಲೇಬೇಕಾದಾಗ ಎಲ್ಲಿ ಹಾಕಬೇಕೆಂಬುದನ್ನೂ ಶೈಗೊ ಅವರ ಸೀಳುಗಳೇ ತೋರಿಸಿದವು. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತೆ ಸ್ವಲ್ಪ ಉಬ್ಬಿದ ಭಾಗವಿರುತ್ತದೆ. ಅದು ಕಾಂಡಕ್ಕೆ ಸೇರಿದ ಕಾಷ್ಠ. ಕೊಳೆತವನ್ನು ತಡೆಯುವ ವಲಯವಿರುವುದು ಅಲ್ಲಿ. ಅದನ್ನು ಮುಟ್ಟದೆ, ಅದರ ಹೊರ ಅಂಚಿನಲ್ಲಿ ಕೊಯ್ಯಬೇಕು. ಭಾರವಾದ ಕೊಂಬೆ ತೊಗಟೆಯನ್ನು ಕಿತ್ತುಕೊಂಡು ಬೀಳದಂತೆ ಮೊದಲು ದೂರದಲ್ಲಿ ಕೆಳಗಿನಿಂದ ಅರೆಗೊಯ್ತ, ಅದಕ್ಕಿಂತ ಆಚೆ ಮೇಲಿನಿಂದ ಪೂರ್ಣ ಕೊಯ್ತ, ಕೊನೆಗೆ ಉಳಿದ ಮೋಟನ್ನು ಕೊರಳಪಟ್ಟಿಯ ಅಂಚಿನಲ್ಲಿ ತೆಗೆಯುವುದು, ಹೀಗೆ ಮೂರು ಬಾರಿ.

ಕೆಲಸ ಸರಿಯಾಗಿತ್ತೇ ಎಂಬುದಕ್ಕೆ ಮರವೇ ಸಾಕ್ಷಿ ಹೇಳುತ್ತದೆ. ಅದನ್ನು ಓದಲು ಮರವೇರಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಕೆಲವು ವರ್ಷಗಳ ಹಿಂದೆ ಕೊಂಬೆ ಕೊಯ್ದ ಮರವೊಂದನ್ನು ನೋಡಿ. ಗಾಯದ ಸುತ್ತ ಹೊಸ ಕಾಷ್ಠದ ಉಬ್ಬು ಬಳೆಯಂತೆ ಎಲ್ಲ ಕಡೆಯಿಂದಲೂ ಸಮನಾಗಿ ಬಂದಿದ್ದರೆ ಕೊರಳಪಟ್ಟಿ ಉಳಿದಿದೆಯೆಂದು ತಿಳಿಯಿರಿ. ಎಡಬಲಗಳಲ್ಲಿ ಮಾತ್ರ ಉಬ್ಬಿ, ಮೇಲೆ ಮತ್ತು ಕೆಳಗೆ ಬರಿದಾಗಿದ್ದರೆ ಗರಗಸ ಕಾಂಡಕ್ಕೆ ತಾಗಿ ಇಳಿದಿದೆ. ಆ ಬರಿದಾದ ಜಾಗದ ಹಿಂದೆ, ಮೇಲಕ್ಕೂ ಕೆಳಕ್ಕೂ, ಕೊಳೆತ ನಡೆದಿರುವ ಸಂಭವವೇ ಹೆಚ್ಚು.