ದೇವರ ಹಿಡಿತ, ಮನುಷ್ಯನ ಇಚ್ಛೆ ಮತ್ತು ಒಂದು ಶಿರಚ್ಛೇದ

ಒಮ್ಮೆ ಸಿಕ್ಕ ರಕ್ಷಣೆಯನ್ನು ಮನುಷ್ಯ ಕಳೆದುಕೊಳ್ಳಬಹುದಾ? ಕ್ರೈಸ್ತರೊಳಗಿನ ಈ ವಾದ ಪಾದ್ರಿಗಳ ತರಗತಿಗಷ್ಟೇ ಸೇರಿದ್ದು ಅಂದುಕೊಂಡಿದ್ದೆ. ಡಚ್ ಗಣರಾಜ್ಯದ ಇತಿಹಾಸ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಅಲ್ಲಿ ಇದೇ ಪ್ರಶ್ನೆಗೆ ರಾಜಕೀಯ ಅಂಟಿಕೊಂಡು ಒಂದು ತಲೆ ಉರುಳಿತ್ತು.

ಲೈಡನ್ ವಿಶ್ವವಿದ್ಯಾಲಯದ ದೇವಶಾಸ್ತ್ರ ಪ್ರಾಧ್ಯಾಪಕ ಯಾಕೋಬಸ್ ಅರ್ಮಿನಿಯಸ್‌ಗೆ ಕಾಲ್ವಿನ್ ಪಂಥದ ಒಂದು ಮಾತು ಒಪ್ಪಿಗೆಯಾಗಲಿಲ್ಲ. ಯಾರು ಉಳಿಯಬೇಕು ಅಂತ ದೇವರೇ ಮೊದಲೇ ತೀರ್ಮಾನಿಸಿದ್ದರೆ, ಪಾಪಕ್ಕೂ ಅವನೇ ಹೊಣೆ ಆಗಲ್ವಾ? ಅವರ ಉತ್ತರ ಇದು: ಕೃಪೆಯಿಲ್ಲದೆ ಮನುಷ್ಯನಿಂದ ಏನೂ ಆಗದು, ಆದರೆ ಕೃಪೆಯನ್ನು ಬೇಡ ಅನ್ನುವ ಸ್ವಾತಂತ್ರ್ಯ ಅವನಿಗಿದೆ.

1609ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅನುಯಾಯಿಗಳು ಐದು ಅಂಶಗಳ ಮನವಿ ಕೊಟ್ಟರು. ನನಗೆ ಇಷ್ಟವಾಗೋದು ಐದನೆಯದು. ನಂಬಿದವನು ಮತ್ತೆ ಜಾರಿಬೀಳಬಹುದೇ? ಬೈಬಲನ್ನು ಇನ್ನಷ್ಟು ಶೋಧಿಸಿಯೇ ಹೇಳಬೇಕು ಎಂದು ಅವರು ಪ್ರಶ್ನೆಯನ್ನು ತೆರೆದೇ ಇಟ್ಟರು.

ಎದುರು ಬಣದ ಆತಂಕವೂ ಸುಳ್ಳಲ್ಲ. ರಕ್ಷಣೆ ನನ್ನ ಹಿಡಿತದ ಮೇಲೇ ನಿಂತಿದ್ದರೆ, ದುರ್ಬಲನಿಗೆ ನೆಮ್ಮದಿ ಎಲ್ಲಿ? 1618-19ರ ಡಾರ್ಟ್ ಸಭೆ ಅವರ ಪರ ನಿಂತಿತು. ನಿಜವಾದ ವಿಶ್ವಾಸಿ ದಾವೀದ, ಪೇತ್ರರಂತೆ ಘೋರವಾಗಿ ಎಡವಬಹುದು, ಆದರೂ ದೇವರು ಕೊನೆಗೆ ಕೈಬಿಡಲ್ಲ. ಹಾಗಂತ ಮನುಷ್ಯ ಮರದ ದಿಮ್ಮಿಯಲ್ಲ. ಕೃಪೆ ಅವನ ಇಚ್ಛೆಯನ್ನು ಬಲವಂತ ಮಾಡಲ್ಲ, ವಾಸಿ ಮಾಡುತ್ತೆ ಎಂದಿತು ಸಭೆ.

ಶ್ರೀವೈಷ್ಣವರ ಮರ್ಕಟ-ಮಾರ್ಜಾಲ ನ್ಯಾಯ ಗೊತ್ತಿದ್ದವರಿಗೆ ಇದು ಪರಿಚಿತ ಅನಿಸಬಹುದು. ಕೋತಿಮರಿ ತಾಯಿಯನ್ನು ತಾನೇ ತಬ್ಬಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತೆ. ಹೋಲಿಕೆ ಪೂರ್ತಿ ಹೊಂದಲ್ಲ, ಆದರೆ ಹಿಡಿತ ಯಾರದ್ದು ಅನ್ನೋ ಪ್ರಶ್ನೆ ಎರಡೂ ಕಡೆ ಇದೆ.

ಇನ್ನು ರಾಜಕೀಯ. ಅರ್ಮಿನಿಯಸ್ ಬಣಕ್ಕೆ ಆಸರೆಯಾಗಿದ್ದವರು ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್. ಸ್ಪೇನ್ ಜೊತೆ 1609ರ ಕದನವಿರಾಮ ಮಾಡಿಸಿದವರೂ ಅವರೇ. ಆ ಕದನವಿರಾಮವನ್ನು ವಿರೋಧಿಸಿದ್ದ ಸೇನಾನಾಯಕ ಮೌರಿಟ್ಸ್ ಎದುರು ಬಣ ಸೇರಿದ. 1619ರ ಮೇ 13ರಂದು ಹೇಗ್‌ನಲ್ಲಿ 71 ವರ್ಷದ ಓಲ್ಡನ್‌ಬಾರ್ನೆವೆಲ್ಟ್ ತಲೆ ಕಡಿಸಲಾಯಿತು. ಅವರ ಜೊತೆಗಾರ, ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಶಿಯಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 1621ರಲ್ಲಿ ಅವರು ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡರು. ಸುಮಾರು 200 ಪಾದ್ರಿಗಳು ಹುದ್ದೆ ಕಳೆದುಕೊಂಡರು.

ಡಾರ್ಟ್‌ನ ಉತ್ತರವೇ ತಪ್ಪು ಅನ್ನೋದು ನನ್ನ ವಾದ ಅಲ್ಲ. ಎಷ್ಟೋ ವಿಶ್ವಾಸಿಗಳಿಗೆ ಅದು ಇವತ್ತಿಗೂ ಸಾಂತ್ವನ. ಆತ್ಮದ ನೆಮ್ಮದಿಗಾಗಿ ಹುಡುಕಿದ ಉತ್ತರವನ್ನು ಪ್ರಭುತ್ವ ನಿಷ್ಠೆಯ ಪರೀಕ್ಷೆ ಮಾಡಿಕೊಂಡಿತಲ್ಲ, ನನ್ನ ತಕರಾರು ಅದಕ್ಕೆ. ದೇವರ ಕೃಪೆ ಯಾರನ್ನೂ ಬಲವಂತ ಮಾಡಲ್ಲ ಅಂತ ಸಭೆ ಸಾರಿದ ತಿಂಗಳಲ್ಲೇ ಆ ತಲೆ ಉರುಳಿತು.