ಎಳೆಯುವ ಗಾಡಿ, ಓಡುವ ಗಾಡಿ

ಕೆಲವು ವರ್ಷಗಳ ಹಿಂದೆ ಸಂವಾದ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾವು ನವಲಗುಂದದ ಕಡೆ ಹೋಗಿದ್ದೆವು. ಕೆಲಸ ಮುಗಿದು ದೀಪ, ಕೇಬಲ್ಲುಗಳನ್ನು ಸುತ್ತಿಡುತ್ತಿದ್ದಾಗ ಪಿ.ಯು.ಸಿ. ಓದುವ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: “ಸರ್, ಡೀಸೆಲ್ ಗಾಡಿ ಎಳೀತದ, ಪೆಟ್ರೋಲ್ ಗಾಡಿ ಓಡತದ ಅಂತ ನಮ್ಮ ಕಾಕಾ ಅಂತಾರ್ರಿ. ಹಂಗಂದ್ರ ಏನ್ರಿ? ಎರಡರಾಗ ಜೋರು ಯಾವುದ್ರಿ?” ಅವನ ಮನೆಯಲ್ಲಿ ಹಳೆಯದೊಂದು ಕಾರು ಕೊಳ್ಳುವ ಮಾತು ನಡೆದಿತ್ತು. ಕಾಕಾನ ಒಲವು ಡೀಸೆಲ್ಲಿಗೆ, ಹುಡುಗನ ಮನಸ್ಸು ಪೆಟ್ರೋಲಿಗೆ.

ಕಾಕಾ ಹೇಳಿದ ಆ ಮಾತಿನಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಅಡಗಿದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಎತ್ತುಗಳಿಗೆ ಎರಡು ಬಗೆಯ ಸ್ಪರ್ಧೆಗಳಿರುವುದನ್ನು ನೀವು ನೋಡಿರಬಹುದು. ಒಂದು ಭಾರದ ಕಲ್ಲು ಎಳೆಯುವುದು, ಇನ್ನೊಂದು ಖಾಲಿ ಗಾಡಾ ಓಡಿಸುವುದು. ಮೊದಲನೆಯದರಲ್ಲಿ ಗೆಲ್ಲುವ ಜೋಡಿ ಎರಡನೆಯದರಲ್ಲಿಯೂ ಗೆಲ್ಲಬೇಕೆಂದಿಲ್ಲ. ಎಂಜಿನ್ನುಗಳ ವಿಷಯವೂ ಹಾಗೆಯೇ. ಅಚ್ಚನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಅಥವಾ ತಿರುಗುಬಲ ಎನ್ನುತ್ತಾರೆ. ಆ ಬಲ ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದು ಸಾಮರ್ಥ್ಯ. ಅದನ್ನು ಅಶ್ವಶಕ್ತಿಯಲ್ಲಿ ಅಳೆಯುತ್ತಾರೆ. ತಿರುಗುಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, ಸುಮಾರು 7000ದಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ಈ ಒಂದು ಸೂತ್ರ ನೆನಪಿದ್ದರೆ ಸಾಕು.

ಇನ್ನು ಎಂಜಿನ್ನಿನ ಒಳಗೆ ನೋಡೋಣ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದಲ್ಲವೇ? ಒತ್ತಿದ ಗಾಳಿ ಕಾಯುತ್ತದೆ. ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಂಬತ್ತು-ಹತ್ತರಲ್ಲಿ ಒಂದು ಪಾಲಿಗೆ ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತದೆ. ಅದಕ್ಕಿಂತ ಬಹಳ ಒತ್ತಿದರೆ ಮಿಶ್ರಣ ಅಕಾಲದಲ್ಲಿ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿಯತೊಡಗುತ್ತದೆ. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು ಹೀರಿ, ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದ ಕೂಡಲೇ ಅದು ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಹೆಚ್ಚು ಒತ್ತುವುದರಿಂದಲೇ ಡೀಸೆಲ್ ಎಂಜಿನ್ ಇಂಧನವನ್ನು ಮಿತವಾಗಿ ಬಳಸುತ್ತದೆ. ಆದರೆ ಆ ಒತ್ತಡ ತಾಳಲು ಅದರ ಭಾಗಗಳು ದಪ್ಪವಾಗಿರಬೇಕು, ಉರಿಯುವುದಕ್ಕೂ ಸಮಯ ಬೇಕು. ಆದ್ದರಿಂದ ಅದು ವೇಗವಾಗಿ ಸುತ್ತಲಾರದು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ, ಅಂದರೆ ಇಂದಿನ ಬಾಷ್, ಪೆಟ್ರೋಲಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ಲಿಗೆ ಬೇಕಾದ ಇಂಜೆಕ್ಷನ್ ಪಂಪನ್ನೂ ತಯಾರಿಸಿ ಎರಡು ದಾರಿಗೂ ನೆರವಾಯಿತು.

ಬಹುಕಾಲ ಡೀಸೆಲ್ ಕಾರೆಂದರೆ ಹೊಗೆ, ಸದ್ದು, ಮಂದಗತಿ. 1998ರಲ್ಲಿ ಬಂದ ಡೀಸೆಲ್ ಇಂಡಿಕಾದ 1.4 ಲೀಟರ್ ಎಂಜಿನ್ನಿಗೆ ಇದ್ದದ್ದು 54ರಷ್ಟು ಅಶ್ವಶಕ್ತಿ. ವೇಗದ ಹುಚ್ಚಿನವರು 2001ರಲ್ಲಿ ಬಂದ 1.6 ಲೀಟರಿನ, 100 ಅಶ್ವಶಕ್ತಿಯ ಪೆಟ್ರೋಲ್ ಪಾಲಿಯೋದಂಥ ಕಾರುಗಳನ್ನು ಹುಡುಕುತ್ತಿದ್ದರು. ಈ ಚಿತ್ರವನ್ನು ಬದಲಿಸಿದ್ದು ಎರಡು ಸಂಗತಿಗಳು. ಒಂದು, ಕಾಮನ್ ರೈಲ್: ಎಲ್ಲ ಸಿಲಿಂಡರುಗಳಿಗೂ ಸೇರಿದ ಒಂದೇ ಕೊಳವೆಯಲ್ಲಿ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಹಿಡಿದಿಟ್ಟು, ವಿದ್ಯುನ್ಮಾನ ನಿಯಂತ್ರಣದಿಂದ ಹನಿ ಹನಿಯಾಗಿ ಸಿಂಪಡಿಸುವುದು. ಪ್ರಯಾಣಿಕರ ಕಾರುಗಳಲ್ಲಿ ಇದು 1997ರಲ್ಲಿ ಯುರೋಪಿನಲ್ಲಿ ಮೊದಲು ಬಂತು. ಇನ್ನೊಂದು, ಟರ್ಬೋ: ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು.

ನಮ್ಮ ಹುಡುಗನ ಪ್ರಶ್ನೆಗೆ ಒಂದೇ ಕಾರಿನಲ್ಲಿ ಉತ್ತರ ಸಿಗುತ್ತದೆ. 2005ರಲ್ಲಿ ಬಂದ ಮಾರುತಿ ಸ್ವಿಫ್ಟಿನ ಪೆಟ್ರೋಲ್ ಎಂಜಿನ್ 1298 ಸಿ.ಸಿ.ಯದು. ಅದರ ಗರಿಷ್ಠ ಸಾಮರ್ಥ್ಯ 6000 ಸುತ್ತಿನಲ್ಲಿ 87 ಅಶ್ವಶಕ್ತಿ. ಗರಿಷ್ಠ ತಿರುಗುಬಲ 4500 ಸುತ್ತಿನಲ್ಲಿ 113 ನ್ಯೂಟನ್-ಮೀಟರ್. ಅದೇ ಕಾರಿಗೆ 2007ರಲ್ಲಿ ಬಂದ ಫಿಯಟ್ ಮೂಲದ ಡೀಸೆಲ್ ಎಂಜಿನ್ 1248 ಸಿ.ಸಿ.ಯದು. ಅದರ ಸಾಮರ್ಥ್ಯ 4000 ಸುತ್ತಿನಲ್ಲಿ ಕೇವಲ 75. ತಿರುಗುಬಲವಾದರೋ 2000 ಸುತ್ತಿನಲ್ಲಿಯೇ 190. ಈಗ ಸೂತ್ರ ಹಾಕಿ. 2000 ಸುತ್ತಿನಲ್ಲಿ ಡೀಸೆಲ್ ಕೊಡುವುದು ಸುಮಾರು 54 ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ ತಿರುಗುಬಲವನ್ನೇ ಆ ಸುತ್ತಿನಲ್ಲಿ ಕೊಟ್ಟಿತೆಂದು ಉದಾರವಾಗಿ ಭಾವಿಸಿದರೂ ಬರುವುದು 32 ಮಾತ್ರ. ಬೆನ್ನು ಸೀಟಿಗೆ ಒತ್ತಿಕೊಳ್ಳುವ ಅನುಭವ ಡೀಸೆಲ್ಲಿನಲ್ಲಿ ಹೆಚ್ಚಾಗಿರುವುದು ಇದರಿಂದ. ಆದರೆ ತಕ್ಕ ಗೇರು ಹಾಕಿ 6000 ಸುತ್ತಿನವರೆಗೆ ಎಳೆದರೆ ಪೆಟ್ರೋಲ್ ಕಾರೇ ಮುಂದಾಗುತ್ತದೆ. ಸವಾಯಿ ಗಂಧರ್ವರ ಊರಾದ ಕುಂದಗೋಳದವರಿಗೆ ಹೀಗೆ ಹೇಳಬಹುದು: ಡೀಸೆಲ್ ಮಂದ್ರದಲ್ಲಿ ತುಂಬುಕಂಠದಿಂದ ಹಾಡುತ್ತದೆ, ಬೇಗನೆ ನಿಲ್ಲುತ್ತದೆ, ಹಳೆಯ ಪೆಟ್ರೋಲ್ ಕಾರಿನ ಸೊಗಸು ತಾರಕ್ಕೆ ಏರಿದ ಮೇಲೆಯೇ. ಅದಕ್ಕೆ ಗೇರು ಬಲ್ಲ ಚಾಲಕ ಬೇಕು.

ಇದು ಬರಿಯ ಮೋಜಿನ ವಿಷಯವಲ್ಲ. ಅಣ್ಣಿಗೇರಿ ಕಡೆಯಿಂದ ಬಾಡಿಗೆಯ ಡೀಸೆಲ್ ಕಾರಿನಲ್ಲಿ ಮರಳುತ್ತಿದ್ದೆವು. ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರ್, ಎದುರಿಗೆ ದೂರದಲ್ಲಿ ಒಂದು ಲಾರಿ. ಚಾಲಕ ಗೇರು ಇಳಿಸದೆ ಆಕ್ಸಿಲರೇಟರ್ ಒತ್ತಿದ. ಸುತ್ತು ಕಡಿಮೆಯಿದ್ದಾಗ ಟರ್ಬೋಗೆ ಬೇಕಾದಷ್ಟು ಹೊಗೆಯ ರಭಸವಿರುವುದಿಲ್ಲ. ಅದು ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಬೇಕು. ಕಾರು ಮುಂದೆ ಹೋಗಲೊಲ್ಲದು, ಲಾರಿ ಬರುತ್ತಲೇ ಇದೆ. ಆತ ಬ್ರೇಕು ಹಾಕಿ ಟ್ರ್ಯಾಕ್ಟರಿನ ಹಿಂದಕ್ಕೆ ಸರಿದುಕೊಂಡದ್ದರಿಂದ ನಾವು ಉಳಿದೆವು. ಎರಡೂ ವಾಹನಗಳು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅವುಗಳ ನಡುವಿನ ಅಂತರ ಪ್ರತಿ ಸೆಕೆಂಡಿಗೆ 44 ಮೀಟರ್ ಕರಗುತ್ತದೆ. ನಿಮ್ಮ ಎಂಜಿನ್ ಯಾವ ಸುತ್ತಿನಲ್ಲಿ ಎಚ್ಚರಗೊಳ್ಳುತ್ತದೆ ಎಂಬುದನ್ನು ತಿಳಿಯದೆ ಓವರ್‌ಟೇಕ್ ಮಾಡಬಾರದು. ಪೆಟ್ರೋಲ್ ಕಾರಿನಲ್ಲಿಯೂ ಮೊದಲು ಗೇರು ಇಳಿಸಿ, ಆಮೇಲೆ ಹೊರಬನ್ನಿ.

ಹಳೆಯ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. ಟ್ರ್ಯಾಕ್ಟರಿಗೆಂದು ಮನೆಯಲ್ಲಿ ಕ್ಯಾನು, ಬ್ಯಾರಲ್ಲುಗಳಲ್ಲಿ ಡೀಸೆಲ್ ಇಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಅದರಲ್ಲಿ ಸೇರಿದ ನೀರು, ಎರೆಮಣ್ಣಿನ ಧೂಳನ್ನು ಟ್ರ್ಯಾಕ್ಟರಿನ ಹಳೆಯ ಪಂಪು ಒಂದಿಷ್ಟು ತಾಳಿಕೊಂಡೀತು. ಕಾಮನ್ ರೈಲ್ ಇಂಜೆಕ್ಟರಿನ ಅತಿಸೂಕ್ಷ್ಮ ರಂಧ್ರಗಳು ತಾಳವು. ಇಂಧನದಲ್ಲಿ ಉಳಿಸಿದ ಹಣ ಅಲ್ಲಿ ಹೋಗುತ್ತದೆ.

ಬೆಲೆಯ ಲೆಕ್ಕವೂ ಬದಲಾಗಿದೆ. ಸರ್ಕಾರ 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ನಿಯಂತ್ರಣ ಬಿಟ್ಟಿತು. ಡೀಸೆಲ್ಲಿನದನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ರೈತನ ಟ್ರ್ಯಾಕ್ಟರ್, ಬಸ್ಸು, ಲಾರಿಗಳನ್ನು ನೆನೆದು ಅಗ್ಗವಾಗಿ ಇರಿಸಿದ ಇಂಧನವನ್ನು ಆ ನಾಲ್ಕು ವರ್ಷ ಕಾರುಗಳೂ ಧಾರಾಳವಾಗಿ ಕುಡಿದವು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಸಾರಿತು. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮ ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡುಗಳ ಮಿತಿಯನ್ನು ಕಿಲೋಮೀಟರಿಗೆ 250 ಮಿಲಿಗ್ರಾಮಿನಿಂದ 80ಕ್ಕೆ ಇಳಿಸಿತು. ಹೊಗೆಯನ್ನು ಅಷ್ಟು ಶುದ್ಧಗೊಳಿಸುವ ಸಾಧನಗಳು ಸಣ್ಣ ಕಾರಿಗೆ ದುಬಾರಿ. ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಅತ್ತ ಪೆಟ್ರೋಲ್ ಎಂಜಿನ್ ಡೀಸೆಲ್ಲಿನಿಂದ ಟರ್ಬೋ ವಿದ್ಯೆ ಕಲಿಯಿತು. 2019ರ ಹ್ಯುಂಡೈ ವೆನ್ಯೂದ 998 ಸಿ.ಸಿ. ಪೆಟ್ರೋಲ್ ಎಂಜಿನ್ 1500 ಸುತ್ತಿನಲ್ಲಿಯೇ 172 ನ್ಯೂಟನ್-ಮೀಟರ್ ಕೊಡುತ್ತದೆ; ಅದರ ಸಾಮರ್ಥ್ಯ 120 ಅಶ್ವಶಕ್ತಿ. ಅದು ಎಳೆಯುತ್ತದೆ, ಓಡುತ್ತದೆ ಕೂಡ.

ಆ ಹುಡುಗನಿಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದು. ನಾಲ್ಕೈದು ಜನ, ಮೇಲೆ ಚೀಲಗಳು, ದಿನವೂ ಹುಬ್ಬಳ್ಳಿಗೆ ಹೋಗಿ ಬರುವುದಾದರೆ ಕಾಕಾ ಹೇಳಿದ್ದು ಸರಿ. ತಿಂಗಳಿಗೊಮ್ಮೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟದ ತಿರುವುಗಳಲ್ಲಿ ಗೇರು ಬದಲಿಸುತ್ತ ಎಂಜಿನ್ನಿನ ದನಿ ಕೇಳುವ ಆಸೆಯಿದ್ದರೆ ನೀನು ಹೇಳಿದ್ದು ಸರಿ. ನೀವೂ ಒಂದು ಕೆಲಸ ಮಾಡಿ. ಮನೆಯ ವಾಹನದ ಕೈಪಿಡಿ ತೆರೆದು ತಿರುಗುಬಲ, ಸಾಮರ್ಥ್ಯ, ಅವು ದೊರೆಯುವ ಸುತ್ತುಗಳು, ಈ ನಾಲ್ಕು ಅಂಕಿಗಳನ್ನು ಬರೆದುಕೊಂಡು ಸೂತ್ರ ಹಾಕಿ ನೋಡಿ. ಆಮೇಲೆ ಮನೆಯ ಚಾಲಕರಿಗೂ ತೋರಿಸಿ.