ಅಶ್ವಶಕ್ತಿಗೆ ಬೆಲೆ ಎಷ್ಟು?

ಹೊಸನಗರ ತಾಲ್ಲೂಕಿನ ನಿಟ್ಟೂರಿನ ಕಡೆಗೆ ಹೋದವರು ಕೊಡಚಾದ್ರಿಯನ್ನೇರುವ ಜೀಪುಗಳನ್ನು ನೋಡಿಯೇ ಇರುತ್ತಾರೆ. ಎಂಟು ಹತ್ತು ಮಂದಿಯನ್ನು ಹೊತ್ತು, ಕಲ್ಲು ಕೊರಕಲುಗಳ ಮೇಲೆ ಹೊಯ್ದಾಡುತ್ತ ನಿಧಾನವಾಗಿ ಏರುವ ಈ ವಾಹನಗಳ ಎಂಜಿನುಗಳು ವರ್ಷಾನುಗಟ್ಟಲೆ ದುಡಿಯುತ್ತವೆ. ಅದೇ ಮಲೆನಾಡಿನ ಮಣ್ಣುದಾರಿಯಲ್ಲಿ ಓಡುವ ಪಂದ್ಯದ ಕಾರಿನ ಎಂಜಿನಾದರೋ ಕೆಲವೇ ಪಂದ್ಯಗಳಲ್ಲಿ ಬಿಚ್ಚಿ ಕಟ್ಟುವ ಸ್ಥಿತಿಗೆ ಬರುತ್ತದೆ. ಅದಕ್ಕೆ ಸುರಿಯುವ ಹಣವೂ ಹಲವು ಪಟ್ಟು ಹೆಚ್ಚು. ಇದಕ್ಕೆ ಕಾರಣ ವ್ಯಾಪಾರಿಯ ದುರಾಸೆಯೊಂದೇ ಅಲ್ಲ. ಬಹುಪಾಲು ಭೌತಶಾಸ್ತ್ರವೇ ಕಾರಣ.

ಮೊದಲು ಜೀಪಿನ ಲೆಕ್ಕವನ್ನೇ ನೋಡೋಣ. ಕೊಡಚಾದ್ರಿಯ ಶಿಖರವು ಸಮುದ್ರಮಟ್ಟದಿಂದ 1343 ಮೀಟರು ಎತ್ತರದಲ್ಲಿದೆ. ಏರಬೇಕಾದ ಎತ್ತರವನ್ನು 700 ಮೀಟರೆಂದೂ, ಜನರೂ ಸೇರಿ ಜೀಪಿನ ತೂಕವನ್ನು 2000 ಕಿಲೋಗ್ರಾಮೆಂದೂ ಇಟ್ಟುಕೊಂಡರೆ, ಗುರುತ್ವಕ್ಕೆ ಎದುರಾಗಿ ಮಾಡಬೇಕಾದ ಕೆಲಸ ಸುಮಾರು 1 ಕೋಟಿ 37 ಲಕ್ಷ ಜೂಲುಗಳಾಗುತ್ತದೆ. ಒಂದು ಗಂಟೆಯ ಅವಧಿಯಲ್ಲಿ ಏರುವುದಾದರೆ ಇದಕ್ಕೆ ಬೇಕಾದುದು ಕೇವಲ 5 ಅಶ್ವಶಕ್ತಿ! ಘರ್ಷಣೆಗೆ ಮತ್ತಷ್ಟು ಬೇಕೆಂಬುದು ದಿಟ. ಆದರೆ ಅದೇ ಎತ್ತರವನ್ನು ಹತ್ತೇ ನಿಮಿಷದಲ್ಲಿ ಏರಬೇಕೆಂದು ಹಟ ಹಿಡಿದರೆ 30 ಅಶ್ವಶಕ್ತಿ ಬೇಕಾಗುತ್ತದೆ. ಕೆಲಸ ಒಂದೇ, ಅವಸರಕ್ಕೆ ಬೆಲೆ ಬೇರೆ.

ಅವಸರವನ್ನೇ ಆಟವಾಗಿಸಿಕೊಂಡವರು ನಮ್ಮ ರಾಜ್ಯದಲ್ಲಿ ಕಡಮೆಯೇನಿಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಬಹುಕಾಲದಿಂದ ಹೆಸರಾದುದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳಲ್ಲದೆ ಏಷ್ಯಾ-ಪೆಸಿಫಿಕ್ ಸ್ಪರ್ಧೆಯ ಸುತ್ತುಗಳೂ ನಡೆದಿವೆ. ಇಂಥ ಪಂದ್ಯಗಳಿಗೆ ಕಿಸೆ ಹಗುರಾದ ತರುಣರನ್ನು ಕರೆತಂದ ವಾಹನಗಳಲ್ಲಿ ಮಾರುತಿ ಜಿಪ್ಸಿ ಮುಖ್ಯವಾದುದು. 1985ರಲ್ಲಿ ಮಾರುಕಟ್ಟೆಗೆ ಬಂದ ಈ ವಾಹನಕ್ಕೆ ಮುಂದೆ 1298 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನು ದೊರೆಯಿತು. ಅದರ ಹದಿನಾರು ಕವಾಟಗಳ ರೂಪವು ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿಯನ್ನು ಕೊಡುತ್ತಿತ್ತು.

ಈ 80 ಎಲ್ಲಿಂದ ಬಂತು? ಗಾಳಿಯಿಂದ. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಅದನ್ನು ಉರಿಸುವ ಗಾಳಿಯನ್ನು ಒಳಕ್ಕೆ ಸೆಳೆಯುವುದೇ ಕಷ್ಟ. ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಸೆಳೆಯುತ್ತದೆ. 6000 ಸುತ್ತಿನಲ್ಲಿ, ಶೇಕಡಾ 85ರಷ್ಟು ತುಂಬುತ್ತದೆಂದು ಹಿಡಿದರೆ, ಸೆಕೆಂಡಿಗೆ ಸುಮಾರು 66 ಗ್ರಾಂ ಗಾಳಿ ಒಳಬರುತ್ತದೆ. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಮುಕ್ಕಾಲು ಪಾಲು ಗಾಳಿ ಬೇಕಾದ್ದರಿಂದ ಅದು ನಾಲ್ಕೂವರೆ ಗ್ರಾಂ ಪೆಟ್ರೋಲನ್ನು ಉರಿಸಬಲ್ಲುದು. ಆ ಶಾಖದಲ್ಲಿ ಶೇಕಡಾ 30 ಮಾತ್ರ ಕೆಲಸವಾಗಿ ದಕ್ಕಿದರೆ ಸುಮಾರು 60 ಕಿಲೋವಾಟು, ಅಂದರೆ 80 ಅಶ್ವಶಕ್ತಿ. ಕಾರ್ಖಾನೆಯವರು ಸುಳ್ಳು ಹೇಳಲಿಲ್ಲ!

ಇನ್ನು 80ನ್ನು 105 ಮಾಡಬೇಕೆನ್ನಿರಿ. ಪಂದ್ಯದ ನಿಯಮವು ಗಾತ್ರವನ್ನು ಹೆಚ್ಚಿಸಲು ಬಿಡದು. ಗಾಳಿ ಬರುವ ಹಾದಿಗಳನ್ನು ನಯಗೊಳಿಸಿ ಕೆಲವು ಅಶ್ವಶಕ್ತಿಯನ್ನು ಅಗ್ಗವಾಗಿ ಪಡೆಯಬಹುದು. (ನಮ್ಮ ವಿದ್ಯಾರ್ಥಿಗಳಲ್ಲಿ ಬೈಕಿನ ಸೈಲೆನ್ಸರನ್ನು ಕಿತ್ತೆಸೆದು ಶಕ್ತಿ ಹೆಚ್ಚಿತೆಂದು ಹಿಗ್ಗುವವರುಂಟು, ಹೆಚ್ಚಿದುದು ಬಹುಮಟ್ಟಿಗೆ ಸದ್ದು.) ಆ ಬಳಿಕ ಉಳಿದಿರುವ ದಾರಿ ಒಂದೇ: ಸುತ್ತುಗಳನ್ನು ಹೆಚ್ಚಿಸುವುದು. 6000ಕ್ಕೆ ಬದಲು 8000 ಸುತ್ತು ತಿರುಗಿದರೆ ಗಾಳಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಹಣದ ಚೀಲ ತೂತು ಬೀಳುವುದು ಇಲ್ಲಿಯೇ. ಪಿಸ್ಟನ್ನು ಮೇಲಕ್ಕೆ ಹೋಗಿ, ತಟ್ಟನೆ ನಿಂತು, ಮತ್ತೆ ಕೆಳಕ್ಕೆ ಬರಬೇಕಷ್ಟೆ. ಹಾಗೆ ತಿರುಗಿಸಲು ಬೇಕಾದ ಬಲವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಈ ಎಂಜಿನಿನಲ್ಲಿ ಪಿಸ್ಟನ್ನಿನ ಓಟ 75.5 ಮಿಲಿಮೀಟರು. ಪಿಸ್ಟನ್ನು, ಅದರ ಗೂಟ, ಬಳೆಗಳು ಸೇರಿ 300 ಗ್ರಾಂ ಎಂದುಕೊಳ್ಳೋಣ. 6000 ಸುತ್ತಿನಲ್ಲಿ, ಮೇಲ್ತುದಿಯನ್ನು ಮುಟ್ಟಿದಾಗ, ಕನೆಕ್ಟಿಂಗ್ ರಾಡಿನ ಓರೆಯಿಂದ ಕೂಡುವ ಶೇಕಡಾ 30ನ್ನೂ ಸೇರಿಸಿದರೆ, ಆ ರಾಡನ್ನು ಎಳೆಯುವ ಬಲವು ಸುಮಾರು 600 ಕಿಲೋಗ್ರಾಮಿನ ತೂಕಕ್ಕೆ ಸಮ. ಮುನ್ನೂರು ಗ್ರಾಮಿನ ವಸ್ತುವಿಗೆ ಒಂದು ಎಮ್ಮೆಯ ಭಾರ! 8000 ಸುತ್ತಿನಲ್ಲಿ ಇದು ಸಾವಿರ ಕಿಲೋಗ್ರಾಮನ್ನು ಮೀರುತ್ತದೆ. ಶಕ್ತಿ ಬೆಳೆದುದು ಮೂರನೆಯ ಒಂದಂಶ. ಹಿಂಸೆ ಬೆಳೆದುದು ಮುಕ್ಕಾಲಂಶಕ್ಕೂ ಹೆಚ್ಚು. ಈ ಎಳೆತ ಒಂದು ಗಂಟೆಗೆ 4 ಲಕ್ಷ 80 ಸಾವಿರ ಬಾರಿ. ಲೋಹಕ್ಕೂ ದಣಿವುಂಟು, ಒತ್ತಡ ತುಸು ಹೆಚ್ಚಿದರೂ ಅದರ ಆಯುಸ್ಸು ಬಹಳವಾಗಿ ಕುಗ್ಗುತ್ತದೆ.

ಆದುದರಿಂದ ಕಾರ್ಖಾನೆಯ ರಾಡನ್ನು ತೆಗೆದು ಬಡಿದು ಮಾಡಿದ ಉಕ್ಕಿನ ರಾಡನ್ನು ಹಾಕಬೇಕು. ಕವಾಟಗಳು ಸಕಾಲಕ್ಕೆ ಮುಚ್ಚಿಕೊಳ್ಳಲು ಗಡುಸಾದ ಸ್ಪ್ರಿಂಗುಗಳು, ಅವನ್ನು ತಾಳುವ ಕ್ಯಾಮು ದಂಡ, ಗ್ರಾಮಿನ ಅಂಶದವರೆಗೂ ಸಮತೂಗಿಸಿದ ಕ್ರ್ಯಾಂಕು ದಂಡ, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಲಕ್ಷಗಟ್ಟಲೆ ತಯಾರಾಗುವ ಭಾಗಕ್ಕೂ ಹತ್ತೋ ಇಪ್ಪತ್ತೋ ತಯಾರಾಗುವ ಭಾಗಕ್ಕೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಇಷ್ಟಾದ ಮೇಲೂ ಆ ಎಂಜಿನನ್ನು ಆಗಾಗ್ಗೆ ಬಿಚ್ಚಿ ನೋಡುವ ಖರ್ಚು ತಪ್ಪದು.

ಹಾಗೆ ಕೊಂಡ ಶಕ್ತಿ ಮಲೆನಾಡಿನ ಕೆಸರಿನಲ್ಲಿ ದಕ್ಕುವುದೆ? ಒದ್ದೆ ಮಣ್ಣಿನ ಮೇಲೆ ಟೈರಿನ ಘರ್ಷಣಾಂಕವನ್ನು 0.3 ಎಂದು ಹಿಡಿಯೋಣ. ಸವಾರರೂ ಸೇರಿ 1200 ಕಿಲೋಗ್ರಾಂ ತೂಗುವ ಜಿಪ್ಸಿಯನ್ನು ನಾಲ್ಕೂ ಚಕ್ರಗಳು ತಳ್ಳಿದರೂ 3500 ನ್ಯೂಟನ್ನಿಗಿಂತ ಹೆಚ್ಚಿನ ಬಲ ನೆಲಕ್ಕೆ ಹಿಡಿಯದು. ಗೇರುಗಳಲ್ಲಿ ಕಳೆದುಹೋಗುವುದನ್ನು ಬಿಟ್ಟು ಚಕ್ರಕ್ಕೆ ತಲಪುವ 50 ಕಿಲೋವಾಟನ್ನು ಈ ಬಲದಿಂದ ಭಾಗಿಸಿದರೆ ಗಂಟೆಗೆ ಸುಮಾರು 51 ಕಿಲೋಮೀಟರಿನ ವೇಗ ಬರುತ್ತದೆ. ಎಂದರೆ, ಅಷ್ಟು ವೇಗದವರೆಗೆ ಕಾರ್ಖಾನೆಯ 80 ಅಶ್ವಶಕ್ತಿಯೇ ಮಿಗಿಲು. ಹೆಚ್ಚಿನದು ಚಕ್ರವನ್ನು ಸುಮ್ಮನೆ ತಿರುಗಿಸಿ ಕೆಸರೆರಚುತ್ತದೆ. ತಿರುವುಗಳೇ ತುಂಬಿರುವ ದಾರಿಯಲ್ಲಿ ಒಳ್ಳೆಯ ಟೈರಿಗೂ ಚಾಲಕನ ಅಭ್ಯಾಸಕ್ಕೂ ಕೊಟ್ಟ ರೂಪಾಯಿ ಎಂಜಿನಿಗೆ ಕೊಟ್ಟ ರೂಪಾಯಿಗಿಂತ ಹೆಚ್ಚು ದುಡಿಯುತ್ತದೆಂಬುದು ನಮ್ಮ ಅಭಿಪ್ರಾಯ. ಒಣಗಿದ ಗಟ್ಟಿ ದಾರಿಯಲ್ಲಿ ಘರ್ಷಣಾಂಕ 0.6 ಆದಾಗ ಈ ಮಿತಿ 25 ಕಿಲೋಮೀಟರಿಗೆ ಇಳಿಯುತ್ತದೆ; ಆಗ ಅಶ್ವಶಕ್ತಿಯ ಮಾತಿಗೆ ಬೆಲೆ ಬರುತ್ತದೆ. ಆದುದರಿಂದಲೇ ಹಣವಂತನ ಕಾರು ಬೇಸಗೆಯಲ್ಲಿ ಹೆಚ್ಚು ಭಯಂಕರ.

ಅಮೆರಿಕದ ಮಣ್ಣಿನ ಅಂಡಾಕಾರದ ಪಥಗಳಲ್ಲಿ ಓಡುವ ‘ಸ್ಪ್ರಿಂಟ್ ಕಾರು’ಗಳಲ್ಲಿ ಈ ರೋಗವು ಪರಾಕಾಷ್ಠೆ ಮುಟ್ಟಿದೆ. ಅವುಗಳ ಮೇಲುವರ್ಗದಲ್ಲಿ 410 ಘನ ಅಂಗುಲದ, ಅಂದರೆ 6.7 ಲೀಟರಿನ ಎಂಜಿನು ಮೆಥನಾಲನ್ನು ಕುಡಿದು ಸುಮಾರು 900 ಅಶ್ವಶಕ್ತಿಯನ್ನು ಕಾರುತ್ತದೆ. ಎಂಜಿನೊಂದಕ್ಕೇ ಹಲವು ಹತ್ತು ಸಾವಿರ ಡಾಲರು ತೆರಬೇಕು. ಬಡ ಸ್ಪರ್ಧಿಗಳಿಗೆಂದು 305 ಘನ ಅಂಗುಲದ ವರ್ಗವನ್ನು ಏರ್ಪಡಿಸಿದ್ದಾರೆ. ಅಲ್ಲಿಯ ಬೇರೊಂದು ಬಗೆಯ ಪಂದ್ಯದಲ್ಲಿ, ಐ.ಎಂ.ಸಿ.ಎ. ಸಂಸ್ಥೆಯ ‘ಮಾಡಿಫೈಡ್’ ಕಾರುಗಳಲ್ಲಿ, ಬಹುಕಾಲ ನಡೆದುಬಂದ ನಿಯಮವೊಂದು ಸೊಗಸಾಗಿದೆ: ಪಂದ್ಯ ಮುಗಿದೊಡನೆ ಸೋತವನು ಗೊತ್ತುಪಡಿಸಿದ ಅಲ್ಪ ಬೆಲೆ ತೆತ್ತು ಗೆದ್ದವನ ಎಂಜಿನನ್ನು ಕೇಳಬಹುದು. ಹೀಗಿರುವಲ್ಲಿ ಚಿನ್ನದ ತೂಕದ ಎಂಜಿನನ್ನು ಯಾರು ತಾನೆ ತಂದಾರು?

ನಮ್ಮ ದೇಶದಲ್ಲಿ ಇದೇ ಸಮಸ್ಯೆಗೆ ಬೇರೊಂದು ಉತ್ತರವನ್ನು ಕಂಡವರು ಕೊಯಮತ್ತೂರಿನ ಎಸ್. ಕರಿವರ್ಧನ್. 1983ರಲ್ಲಿ ಹೊರಬಂದು ಮನೆಮಾತಾದ ಮಾರುತಿ 800ರ ಮೂರು ಸಿಲಿಂಡರುಗಳ, 796 ಘನ ಸೆಂಟಿಮೀಟರಿನ ಪುಟ್ಟ ಎಂಜಿನನ್ನೇ ಅವರು ಒಂಟಿ ಆಸನದ ಪಂದ್ಯದ ಕಾರಿಗೆ ಕೂಡಿಸಿದರು. ‘ಫಾರ್ಮುಲಾ ಮಾರುತಿ’ ಹೀಗೆ ಹುಟ್ಟಿತು. ಎಲ್ಲರಿಗೂ ಒಂದೇ ಬಗೆಯ ಎಂಜಿನು, ಬಿಡಿಭಾಗಗಳು ಊರೂರಿನ ಅಂಗಡಿಗಳಲ್ಲಿ. ಮುಂದೆ ಫಾರ್ಮುಲಾ ಒಂದನ್ನು ತಲಪಿದ ನಾರಾಯಣ್ ಕಾರ್ತಿಕೇಯನ್ ಮೊದಲು ಪಳಗಿದ್ದು ಈ ಕಾರಿನಲ್ಲಿಯೇ. 1995ರಲ್ಲಿ ಕರಿವರ್ಧನ್ ವಿಮಾನಾಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಪಂದ್ಯಪಥವು ಅವರ ಹೆಸರನ್ನು ಹೊತ್ತಿದೆ.

ಮೂರನೆಯ ಉಪಾಯವು ಅಪ್ಪಟ ಭೌತಶಾಸ್ತ್ರದ್ದು. 1995ರಿಂದ 2010ರವರೆಗೆ ವಿಶ್ವ ರ‍್ಯಾಲಿಯ ಮೇಲುವರ್ಗದ ಕಾರುಗಳು 34 ಮಿಲಿಮೀಟರು ವ್ಯಾಸದ ಒಂದು ಕಂಠದ ಮೂಲಕವೇ ಗಾಳಿಯನ್ನು ಸೆಳೆಯಬೇಕಾಗಿತ್ತು. ಎಷ್ಟೇ ಹೀರಿದರೂ ಕಂಠದಲ್ಲಿ ಗಾಳಿಯ ವೇಗವು ಶಬ್ದದ ವೇಗವನ್ನು ಮೀರದು. ಆದ್ದರಿಂದ ಸೆಕೆಂಡಿಗೆ ಸುಮಾರು 220 ಗ್ರಾಂ ಗಾಳಿಗಿಂತ ಹೆಚ್ಚು ಒಳಹೋಗದು. ಹಿಂದಿನ ಲೆಕ್ಕವನ್ನೇ ಮಾಡಿದರೆ, ಇಂಧನವನ್ನು ತುಸು ಹೆಚ್ಚಾಗಿ ಬೆರೆಸಿದಾಗ, ಸುಮಾರು 300 ಅಶ್ವಶಕ್ತಿ ಬರುವುದನ್ನು ವಾಚಕರು ತಾಳೆ ನೋಡಬಹುದು. ಹಣ ಕೊಟ್ಟು ಶಬ್ದದ ವೇಗವನ್ನು ಹೆಚ್ಚಿಸಿಕೊಳ್ಳಲಾಗದು. ಆದರೂ ಕಂಠದ ಪಕ್ಕದಿಂದ ಗಾಳಿಯನ್ನು ನುಗ್ಗಿಸಬಹುದಷ್ಟೆ! ಜೋಡಿಸಿದಾಗ ಸ್ಪ್ರಿಂಗುಗಳ ಬಲದಿಂದ ಗುಟ್ಟಾದ ಸಂದೊಂದನ್ನು ತೆರೆಯುವ, ತಪಾಸಣೆಗೆಂದು ಬಿಚ್ಚಿದೊಡನೆ ತಾನಾಗಿ ಮುಚ್ಚಿಕೊಳ್ಳುವ ಉಪಕರಣವು ಅದೇ 1995ರಲ್ಲಿ ಸ್ಪೇನಿನ ರ‍್ಯಾಲಿಯಲ್ಲಿ ಟೊಯೋಟಾ ತಂಡದ ಕಾರುಗಳಲ್ಲಿ ಸಿಕ್ಕಿಬಿದ್ದಿತು. ಆ ವರ್ಷ ಗಳಿಸಿದ ಅಂಕಗಳೆಲ್ಲ ಹೋದುವು. ಹನ್ನೆರಡು ತಿಂಗಳು ಸ್ಪರ್ಧಿಸಬಾರದೆಂಬ ಶಿಕ್ಷೆಯೂ ಆಯಿತು.